ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಪ್ರಯಾಣದ ಅವಧಿ: ಕಲಬುರಗಿ, ಬೀದರ್, ಯಾದಗಿರಿಯ ಪ್ರಯಾಣಿಕರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ ನಗರದ ಪೂರ್ವಕ್ಕೆ, ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿಯ ಬಳಿ ಇರುವ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಬೀದರ್‌ನಲ್ಲಿ ವಾಯುಪಡೆಯ ನೆಲೆಗೆ ಹೊಂದಿಕೊಂಡಿರುವ ನಾಗರಿಕ ಟರ್ಮಿನಲ್‌ನಿಂದ 2020ರ ಫೆಬ್ರವರಿ 7ರಂದು ವಿಮಾನ ಸೇವೆ ಆರಂಭವಾಯಿತು. ಯಾದಗಿರಿಗೆ ತನ್ನದೇ ನಿಲ್ದಾಣವಿಲ್ಲ. ಅಲ್ಲಿನವರು ಕಲಬುರಗಿಗೋ ಹೈದರಾಬಾದಿಗೋ ಹೋಗಿ ವಿಮಾನ ಹತ್ತಬೇಕು. ಹೀಗಾಗಿ ಈ ಮೂರು ಜಿಲ್ಲೆಗಳಲ್ಲಿ ವಿಮಾನ ಪ್ರಯಾಣದ ಯೋಚನೆ ಮಾಡುವ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಎಷ್ಟು ದೂರ, ಎಷ್ಟು ಹೊತ್ತು?

ಮೊಬೈಲ್‌ನಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಒಂದು ಕಡೆ 464 ಕಿ.ಮೀ. ಎಂದು ಬರುತ್ತದೆ, ಇನ್ನೊಂದು ಕಡೆ 490 ದಾಟುತ್ತದೆ, ಮತ್ತೊಂದು ಕಡೆ ಆರು ನೂರರ ಹತ್ತಿರ ಹೋಗುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದೂ ಬೇರೆ ಬೇರೆ ಎರಡು ಬಿಂದುಗಳ ನಡುವೆ, ಬೇರೆ ಬೇರೆ ದಾರಿಯಲ್ಲಿ ಅಳೆದ ದೂರ. ಯಾವ ಅಂಕಿ ಯಾವುದನ್ನು ಹೇಳುತ್ತಿದೆ ಎಂದು ಗುರುತಿಸಲು, ಬೇಕಾದಾಗ ಕಾಗದದ ಮೇಲೆಯೇ ಲೆಕ್ಕ ಹಾಕಿಕೊಳ್ಳಲು, ಆ ದೂರದಿಂದ ಪ್ರಯಾಣದ ಗಂಟೆಗಳನ್ನು ಅಂದಾಜಿಸಲು ಬೇಕಾದ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ. ಹೈಸ್ಕೂಲಿನ ಗಣಿತ ನೆನಪಿದ್ದರೆ ಸಾಕು.

ಒಂದನೆಯ ಹಂತ: ಯಾವ ದೂರ ಬೇಕು ಎಂದು ನಿರ್ಧರಿಸಿ

ವಿಮಾನದ ವಿಷಯದಲ್ಲಿ ಮೂರು ಬಗೆಯ ದೂರಗಳಿವೆ. ಭೂಮಿಯ ಗುಂಡಾದ ಮೈ ಮೇಲೆ ಎರಡು ನಿಲ್ದಾಣಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ ಮೊದಲನೆಯದು. ಇದನ್ನು ಮಹಾವೃತ್ತದ ಅಂತರ ಎನ್ನುತ್ತಾರೆ, ಮತ್ತು ‘ವಿಮಾನ ದೂರ’ ಎಂದು ಸಾಮಾನ್ಯವಾಗಿ ಸಿಗುವ ಅಂಕಿ ಇದೇ. ವಿಮಾನವು ನಿಜವಾಗಿ ಹಾರುವ ದಾರಿ ಎರಡನೆಯದು. ವಾಯು ಸಂಚಾರ ನಿಯಂತ್ರಣ ಸೂಚಿಸಿದ ಮಾರ್ಗಬಿಂದುಗಳನ್ನು ಮುಟ್ಟಿಕೊಂಡು, ನಿರ್ಬಂಧಿತ ವಾಯುಪ್ರದೇಶವನ್ನು ಬಳಸಿಕೊಂಡು, ರನ್‌ವೇಯ ದಿಕ್ಕಿಗೆ ತಿರುಗಿಕೊಂಡು ಹೋಗುವುದರಿಂದ ಇದು ಮೊದಲನೆಯದಕ್ಕಿಂತ ಯಾವಾಗಲೂ ಸ್ವಲ್ಪ ಹೆಚ್ಚು. ಮೂರನೆಯದು ನಿಮ್ಮ ಮನೆಯ ಬಾಗಿಲಿನಿಂದ ತಲುಪಬೇಕಾದ ಬಾಗಿಲಿನವರೆಗಿನ ದೂರ. ನಮ್ಮ ಭಾಗದವರಿಗೆ ಹೆಚ್ಚು ಮುಖ್ಯವಾದದ್ದು ಈ ಮೂರನೆಯದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ಲೆಕ್ಕ ಶುರುವಾಗಬೇಕಾದದ್ದು ಮೊದಲನೆಯದರಿಂದಲೇ.

ಎರಡನೆಯ ಹಂತ: ನಿಲ್ದಾಣವನ್ನು ಕೋಡ್‌ನಿಂದ ಗುರುತಿಸಿ

ಊರಿನ ಹೆಸರು ಕೊಟ್ಟು ದೂರ ಕೇಳಿದರೆ ತಪ್ಪಾಗುವ ಸಾಧ್ಯತೆ ಹೆಚ್ಚು. ಪ್ರತಿ ನಿಲ್ದಾಣಕ್ಕೂ ಮೂರಕ್ಷರದ ಅಂತರರಾಷ್ಟ್ರೀಯ ಕೋಡ್ ಇದೆ. ಟಿಕೆಟ್‌ನಲ್ಲಿಯೂ ಬ್ಯಾಗಿಗೆ ಅಂಟಿಸುವ ಚೀಟಿಯಲ್ಲಿಯೂ ಅದೇ ಇರುತ್ತದೆ. ಕಲಬುರಗಿಯದು ಜಿಬಿಐ, ಬೀದರ್‌ನದು ಐಎಕ್ಸ್‌ಎಕ್ಸ್, ಬೆಂಗಳೂರಿನದು ಬಿಎಲ್‌ಆರ್, ಹೈದರಾಬಾದಿನ ಶಂಷಾಬಾದ್ ನಿಲ್ದಾಣದ್ದು ಎಚ್‌ವೈಡಿ, ದುಬೈಯದು ಡಿಎಕ್ಸ್‌ಬಿ. ನಗರದ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಎಂದು ಬದಲಾಗಿದ್ದರೂ ಕೆಲವು ಪಟ್ಟಿಗಳಲ್ಲಿ ಗುಲ್ಬರ್ಗಾ ಎಂದೇ ಉಳಿದಿದೆ. ಆದ್ದರಿಂದ ಹೆಸರು ಸಿಗದಿದ್ದರೆ ಕೋಡ್ ಹಾಕಿ ಹುಡುಕುವುದು ಸುಲಭ.

ಹೈದರಾಬಾದಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲೂ ಹೈದರಾಬಾದ್ ಎಂಬ ನಗರವಿದೆ. ಅಲ್ಲಿನ ನಿಲ್ದಾಣದ ಕೋಡ್ ಎಚ್‌ಡಿಡಿ. ನಮ್ಮ ಹೈದರಾಬಾದಿನಲ್ಲೇ ಬೇಗಂಪೇಟೆಯ ಹಳೆಯ ನಿಲ್ದಾಣವಿದ್ದು, 2008ರ ಮಾರ್ಚ್‌ನಲ್ಲಿ ಪ್ರಯಾಣಿಕ ಸೇವೆ ಅಲ್ಲಿಂದ ಶಂಷಾಬಾದಿಗೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಸೇವೆ ದೇವನಹಳ್ಳಿಗೆ ಹೋಯಿತು. ಹಳೆಯ ದತ್ತಾಂಶ ಬಳಸುವ ಪಟ್ಟಿಗಳಲ್ಲಿ ಇನ್ನೂ ಹಳೆಯ ಸ್ಥಳವೇ ಇರಬಹುದು. ದೆಹಲಿಗೆ ಹೋಗುವವರು ಟಿಕೆಟ್‌ನಲ್ಲಿ ಇಂದಿರಾ ಗಾಂಧಿ ನಿಲ್ದಾಣವೋ ಗಾಜಿಯಾಬಾದ್ ಬಳಿಯ ಹಿಂಡನ್ ನಿಲ್ದಾಣವೋ ಎಂದು ನೋಡಿಕೊಳ್ಳಬೇಕು. ಮುಂಬೈಗೆ ಈಗ ನವಿ ಮುಂಬೈಯ ಎರಡನೆಯ ನಿಲ್ದಾಣವೂ ಸೇರಿಕೊಂಡಿದೆ.

ಊರಿನ ನಡುಭಾಗವನ್ನು ಹಿಡಿದು ಅಳೆದ ದೂರಕ್ಕೂ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದ ದೂರಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದಕ್ಕೆ ಕಲಬುರಗಿ–ಬೆಂಗಳೂರು ಒಳ್ಳೆಯ ಉದಾಹರಣೆ. ಬೆಂಗಳೂರಿನ ನಿಲ್ದಾಣ ನಗರದ ಉತ್ತರಕ್ಕೆ, ಅಂದರೆ ನಮ್ಮ ಕಡೆಗೆ ಇದೆ. ಆದ್ದರಿಂದ ನಗರದಿಂದ ನಗರಕ್ಕೆ ನೇರ ಗೆರೆ ಎಳೆದರೆ ಸುಮಾರು 490 ಕಿ.ಮೀ. ಬರುತ್ತದೆ, ನಿಲ್ದಾಣದಿಂದ ನಿಲ್ದಾಣಕ್ಕೆ 464 ಮಾತ್ರ. ಆರು ನೂರರ ಆಸುಪಾಸಿನ ಅಂಕಿ ರಸ್ತೆಯ ದೂರ.

ಮೂರನೆಯ ಹಂತ: ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಿ

ಮೊಬೈಲ್‌ನ ನಕ್ಷೆಯಲ್ಲಿ ರನ್‌ವೇಯ ಮಧ್ಯಭಾಗದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಈ ಮಾರ್ಗದರ್ಶಿಯಲ್ಲಿ ಬಳಸಿರುವ ಸಂಖ್ಯೆಗಳು ಇವು: ಕಲಬುರಗಿ 17.31 ಉತ್ತರ, 76.96 ಪೂರ್ವ, ಬೀದರ್ 17.91 ಉತ್ತರ, 77.49 ಪೂರ್ವ, ಬೆಂಗಳೂರು 13.20 ಉತ್ತರ, 77.71 ಪೂರ್ವ, ಹೈದರಾಬಾದ್ 17.24 ಉತ್ತರ, 78.43 ಪೂರ್ವ, ದುಬೈ 25.25 ಉತ್ತರ, 55.36 ಪೂರ್ವ. ದಶಮಾಂಶದ ಎರಡು ಸ್ಥಾನಗಳಿದ್ದರೆ ಒಂದು ಕಿಲೋಮೀಟರಿನಷ್ಟು ನಿಖರತೆ ಸಿಗುತ್ತದೆ. ಪ್ರಯಾಣದ ಯೋಜನೆಗೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಕೆಲವು ಕಡೆ ಇವು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಇರುತ್ತವೆ. ಆಗ ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. 17 ಡಿಗ್ರಿ 18 ನಿಮಿಷ 28 ಸೆಕೆಂಡು ಎಂದಿದ್ದರೆ 17ಕ್ಕೆ 0.3 ಮತ್ತು 0.0078 ಸೇರಿ 17.3078 ಆಗುತ್ತದೆ. ಇದನ್ನು 17.1828 ಎಂದು ಬರೆದುಕೊಂಡರೆ ಹದಿನಾಲ್ಕು ಕಿಲೋಮೀಟರಿನ ತಪ್ಪು ಅಲ್ಲಿಯೇ ನುಸುಳುತ್ತದೆ.

ನಾಲ್ಕನೆಯ ಹಂತ: ಹತ್ತಿರದ ನಿಲ್ದಾಣಗಳಿಗೆ ಕಾಗದದ ಮೇಲಿನ ಲೆಕ್ಕ

ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಎಂದರೆ ಎಲ್ಲೆಡೆಯೂ ಸುಮಾರು 111.2 ಕಿ.ಮೀ. ಪೂರ್ವ–ಪಶ್ಚಿಮವಾಗಿ ಹಾಗಲ್ಲ. ರೇಖಾಂಶದ ಗೆರೆಗಳು ಧ್ರುವಗಳ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಅದಕ್ಕಾಗಿ ಆ ಸ್ಥಳದ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಕಲಬುರಗಿಯ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 106 ಕಿ.ಮೀ. ಇದ್ದರೆ, ದೆಹಲಿಯ ಅಕ್ಷಾಂಶದಲ್ಲಿ 98ಕ್ಕೂ ಕಡಿಮೆ.

ಈಗ ಕಲಬುರಗಿ–ಬೆಂಗಳೂರಿನ ಲೆಕ್ಕ ನೋಡೋಣ. ಅಕ್ಷಾಂಶಗಳ ವ್ಯತ್ಯಾಸ 17.31ರಲ್ಲಿ 13.20 ಕಳೆದರೆ 4.11 ಡಿಗ್ರಿ, ಅದನ್ನು 111.2ರಿಂದ ಗುಣಿಸಿದರೆ ಉತ್ತರ–ದಕ್ಷಿಣದ ದೂರ 457 ಕಿ.ಮೀ. ರೇಖಾಂಶಗಳ ವ್ಯತ್ಯಾಸ 0.75 ಡಿಗ್ರಿ. ಎರಡೂ ಅಕ್ಷಾಂಶಗಳ ಸರಾಸರಿ 15.25, ಅದರ ಕೊಸೈನ್ 0.965. 0.75, 0.965 ಮತ್ತು 111.2 ಈ ಮೂರನ್ನೂ ಗುಣಿಸಿದರೆ ಪೂರ್ವ–ಪಶ್ಚಿಮದ ದೂರ 80.5 ಕಿ.ಮೀ. ಈ ಎರಡು ಒಂದಕ್ಕೊಂದು ಲಂಬವಾಗಿರುವ ಬಾಹುಗಳು. ಪೈಥಾಗೊರಸ್ ಪ್ರಮೇಯದಂತೆ 457ರ ವರ್ಗಕ್ಕೆ 80.5ರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ 464 ಕಿ.ಮೀ. ಬರುತ್ತದೆ.

ಇದೇ ಕ್ರಮದಲ್ಲಿ ಬೀದರ್–ಬೆಂಗಳೂರು 524 ಕಿ.ಮೀ., ಕಲಬುರಗಿ–ದೆಹಲಿ 1,252 ಕಿ.ಮೀ. ಆಗುತ್ತದೆ. ಕಲಬುರಗಿ ಮತ್ತು ಬೀದರ್ ನಿಲ್ದಾಣಗಳ ನಡುವೆ ನೇರ ಗೆರೆಯಲ್ಲಿ 87 ಕಿ.ಮೀ. ಮಾತ್ರ, ಹುಮನಾಬಾದ್ ಮೇಲಿನ ರಸ್ತೆಯಲ್ಲಿ ಅದು ನೂರು ದಾಟುತ್ತದೆ. ಕಲಬುರಗಿ–ಹೈದರಾಬಾದ್ ಜೋಡಿಯನ್ನು ನೀವೇ ಮಾಡಿ ನೋಡುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಈ ಎರಡು ನಿಲ್ದಾಣಗಳು ಬಹುತೇಕ ಒಂದೇ ಅಕ್ಷಾಂಶದಲ್ಲಿವೆ. ಕೊಸೈನ್ ಬಳಸಿದರೆ 156 ಕಿ.ಮೀ. ಬರುತ್ತದೆ, ಮರೆತರೆ 163 ದಾಟುತ್ತದೆ. ಉತ್ತರ ದಕ್ಷಿಣವಾಗಿ ಹೋಗುವ ಬೆಂಗಳೂರಿನ ಲೆಕ್ಕದಲ್ಲಿ ಅದೇ ತಪ್ಪು ಸುಮಾರು ಅರ್ಧ ಕಿಲೋಮೀಟರಿನಷ್ಟು ಮಾತ್ರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಊರಿಗೆ ಸರಿ ಬಂದ ಲೆಕ್ಕ ಎಲ್ಲ ಊರಿಗೂ ಸರಿ ಬರುತ್ತದೆ ಎಂದು ನಂಬಬಾರದು.

ಐದನೆಯ ಹಂತ: ದೂರದೇಶದ ನಿಲ್ದಾಣಗಳಿಗೆ ಗೋಳದ ಸೂತ್ರ

ಮೇಲಿನ ವಿಧಾನ ನೆಲವನ್ನು ಸಮತಟ್ಟೆಂದು ಭಾವಿಸುತ್ತದೆ. ದೂರ ಹೆಚ್ಚಿದಂತೆ ಆ ಭಾವನೆ ಕೈಕೊಡುತ್ತದೆ. ಆಗ ಬಳಸಬೇಕಾದ ಸೂತ್ರವನ್ನು ಮಾತಿನಲ್ಲಿ ಹೀಗೆ ಹೇಳಬಹುದು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಪರಸ್ಪರ ಗುಣಿಸಿ ಒಂದು ಕಡೆ ಬರೆದಿಡಿ. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಬಂದದ್ದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಈ ಎರಡು ಗುಣಲಬ್ಧಗಳನ್ನು ಕೂಡಿಸಿ, ಅದರ ವಿಲೋಮ ಕೊಸೈನ್ ತೆಗೆಯಿರಿ. ಸಿಕ್ಕ ಕೋನವನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್ ದೂರ ಸಿಗುತ್ತದೆ. ಮೊಬೈಲ್‌ನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದಾಗ ಕಾಣುವ ಗುಂಡಿಗಳಲ್ಲಿ ಇವೆಲ್ಲವೂ ಇರುತ್ತವೆ. ಅದು ರೇಡಿಯನ್‌ನಲ್ಲಿಲ್ಲದೆ ಡಿಗ್ರಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರು ಕೋನಗಳನ್ನು ರೇಡಿಯನ್‌ಗೆ ಬದಲಾಯಿಸಿಯೇ ಸೂತ್ರ ಬರೆಯಬೇಕು.

ಹೈದರಾಬಾದ್–ದುಬೈ ಜೋಡಿಯನ್ನು ತೆಗೆದುಕೊಳ್ಳೋಣ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇದು ಪರಿಚಿತವಾದ ದಾರಿ. ಸೈನ್‌ಗಳು 0.2964 ಮತ್ತು 0.4266, ಗುಣಲಬ್ಧ 0.1264. ಕೊಸೈನ್‌ಗಳು 0.9551 ಮತ್ತು 0.9045; ಗುಣಲಬ್ಧ 0.8638. ರೇಖಾಂಶಗಳ ವ್ಯತ್ಯಾಸ 23.07 ಡಿಗ್ರಿಯ ಕೊಸೈನ್ 0.92, ಅದರಿಂದ ಗುಣಿಸಿದಾಗ 0.7947. ಒಟ್ಟು 0.9211. ಅದರ ವಿಲೋಮ ಕೊಸೈನ್ ಸುಮಾರು 22.9 ಡಿಗ್ರಿ, ದೂರ ಸುಮಾರು 2,546 ಕಿ.ಮೀ. ಸಮತಟ್ಟಿನ ವಿಧಾನದಲ್ಲಿ ಇದೇ ಲೆಕ್ಕ ಮಾಡಿದರೆ 2,551 ಬರುತ್ತದೆ. ಅಂದರೆ ದುಬೈಯವರೆಗೂ ಸರಳ ಲೆಕ್ಕ ಸಾಕು ಎಂಬುದು ಗಮನಿಸಬೇಕಾದ ಸಂಗತಿ. ಉಮ್ರಾಕ್ಕೆ ಹೈದರಾಬಾದಿನಿಂದ ಹೊರಡುವವರ ಜಿದ್ದಾ ದೂರ ಗೋಳದ ಸೂತ್ರದಲ್ಲಿ ಸುಮಾರು 4,140 ಕಿ.ಮೀ.

ಅಮೆರಿಕಕ್ಕೆ ಬಂದಾಗ ಮಾತ್ರ ಸರಳ ಲೆಕ್ಕ ಪೂರ್ತಿ ಕೆಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸಮತಟ್ಟಿನ ವಿಧಾನದಲ್ಲಿ 16,000 ಕಿ.ಮೀ. ದಾಟುತ್ತದೆ, ಗೋಳದ ಸೂತ್ರದಲ್ಲಿ ಕೋನ 125.8 ಡಿಗ್ರಿ, ದೂರ ಸುಮಾರು 13,990 ಕಿ.ಮೀ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಈ ವ್ಯತ್ಯಾಸ ಬರುವುದು, ಅತಿ ಚಿಕ್ಕ ದಾರಿಯು ಪೂರ್ವಕ್ಕೋ ಪಶ್ಚಿಮಕ್ಕೋ ಹೋಗದೆ ಉತ್ತರ ಧ್ರುವದ ಕಡೆಗೆ ಏರಿ ಇಳಿಯುವುದರಿಂದ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ತಡೆರಹಿತ ಸೇವೆ ಆರಂಭಿಸಿದಾಗ ಮಹಿಳಾ ಪೈಲಟ್‌ಗಳೇ ಇದ್ದ ತಂಡ ಆ ಮೊದಲ ವಿಮಾನವನ್ನು ಧ್ರುವದ ಮಾರ್ಗದಲ್ಲೇ ತಂದಿತು. ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಅಂತರ ನೋಡುವ ಮಕ್ಕಳಿಗೆ ಗೋಳದ ಮೇಲೆ ದಾರ ಬಿಗಿದು ಈ ದಾರಿಯನ್ನು ತೋರಿಸಿದರೆ ಕ್ಷಣದಲ್ಲಿ ಅರ್ಥವಾಗುತ್ತದೆ. ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿ ತೋರಿಸಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಪಶ್ಚಿಮ ರೇಖಾಂಶವನ್ನು ಋಣ ಸಂಖ್ಯೆಯಾಗಿ ಬರೆಯುವುದನ್ನು ಮಾತ್ರ ಮರೆಯಬಾರದು.

ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿನಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲು 1.852 ಕಿ.ಮೀ.; ಅಕ್ಷಾಂಶದ ಒಂದು ನಿಮಿಷಕ್ಕೆ ಸಮ. ಕಲಬುರಗಿ–ಬೆಂಗಳೂರು 250 ನಾಟಿಕಲ್ ಮೈಲು. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿನ ವೇಗ.

ಆರನೆಯ ಹಂತ: ದೂರದಿಂದ ಹಾರಾಟದ ಅವಧಿಗೆ

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ ಎಂಬ ಶಾಲೆಯ ಪಾಠ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಎ320ಯಂಥ ಜೆಟ್ ವಿಮಾನದ ಸಮತಲ ಹಾರಾಟದ ವೇಗ ಗಂಟೆಗೆ ಸುಮಾರು 830 ಕಿ.ಮೀ. ಎಂದು ಓದಿ, 464ನ್ನು 830ರಿಂದ ಭಾಗಿಸಿ, ಮೂವತ್ತನಾಲ್ಕು ನಿಮಿಷ ಎಂದು ಯಾರಾದರೂ ಹೇಳಿದರೆ ಅದು ಯಾವತ್ತೂ ನಿಜವಾಗದ ಅಂಕಿ.

ಕಾರಣ ಸ್ಪಷ್ಟವಾಗಿದೆ. ವಿಮಾನವು ನಿಂತ ಜಾಗದಿಂದ ರನ್‌ವೇಗೆ ಉರುಳಿಕೊಂಡು ಹೋಗಬೇಕು. ಬೆಂಗಳೂರಿನಂಥ ಗದ್ದಲದ ನಿಲ್ದಾಣದಲ್ಲಿ ಅಲ್ಲೂ ಸರದಿ ಇರುತ್ತದೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಸುಮಾರು 463 ಕಿ.ಮೀ. ವೇಗದ ಮಿತಿ ಇದೆ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ನಾಟಿಕಲ್ ಮೈಲು ಬೇಕೆಂಬುದು ಪೈಲಟ್‌ಗಳು ಬಳಸುವ ಅಂದಾಜು. 36,000 ಅಡಿಯಿಂದ ಇಳಿಯಲು ಈ ಲೆಕ್ಕದಲ್ಲಿ 108 ನಾಟಿಕಲ್ ಮೈಲು, ಅಂದರೆ ಇನ್ನೂರು ಕಿಲೋಮೀಟರ್ ಬೇಕು. ಏರಲು ಬೇಕಾದ ದೂರವನ್ನೂ ಸೇರಿಸಿದರೆ ಕಲಬುರಗಿ–ಬೆಂಗಳೂರು ದಾರಿಯಲ್ಲಿ ಪೂರ್ಣ ವೇಗದ ಸಮತಲ ಹಾರಾಟಕ್ಕೆ ಉಳಿಯುವುದು ತೀರಾ ಸ್ವಲ್ಪ. ಇಂಥ ದಾರಿಯಲ್ಲಿ ಅಷ್ಟು ಎತ್ತರಕ್ಕೆ ಏರದೆಯೂ ಇರಬಹುದು. ಇದರ ಮೇಲೆ ರನ್‌ವೇಯ ದಿಕ್ಕಿನ ವಿಷಯವಿದೆ: ಕಲಬುರಗಿಯ ರನ್‌ವೇ ಪೂರ್ವ–ಪಶ್ಚಿಮವಾಗಿದೆ, ಬೆಂಗಳೂರಿನ ಎರಡೂ ರನ್‌ವೇಗಳು ಹಾಗೆಯೇ ಇವೆ, ಪ್ರಯಾಣವೋ ಉತ್ತರ–ದಕ್ಷಿಣ. ಎರಡೂ ತುದಿಯಲ್ಲಿ ವಿಮಾನ ಸುತ್ತಿ ತಿರುಗಲೇಬೇಕು. ಕಿಟಕಿಯ ಬಳಿ ಕುಳಿತವರಿಗೆ ಇಳಿಯುವ ಮುನ್ನ ಊರಿನ ಹೊಲಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದಂತೆ ಕಾಣುವುದು ಇದೇ ಕಾರಣಕ್ಕೆ.

ಇವೆಲ್ಲಕ್ಕೂ ಸೇರಿಸಿ ಒಂದು ಸುಲಭ ನಿಯಮವಿದೆ. ಜೆಟ್ ವಿಮಾನವಾದರೆ ನೇರ ದೂರವನ್ನು ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ಎಟಿಆರ್ 72ರಂಥ ಪಂಖದ ವಿಮಾನವಾದರೆ 500ರಿಂದ ಭಾಗಿಸಿ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕೂಡಿಸಿ. ಅದು ಹೆಚ್ಚು ಎತ್ತರಕ್ಕೆ ಏರುವುದಿಲ್ಲವಾದ್ದರಿಂದ ಏರಿಳಿತಕ್ಕೆ ಕಳೆಯುವ ಸಮಯ ಕಡಿಮೆ. ಕಲಬುರಗಿ–ಬೆಂಗಳೂರು ಜೆಟ್‌ನಲ್ಲಿ 35ಕ್ಕೆ 30 ಸೇರಿ ಒಂದು ಗಂಟೆ ಐದು ನಿಮಿಷ. ಎಟಿಆರ್‌ನಲ್ಲಿ 56ಕ್ಕೆ ಇಪ್ಪತ್ತು ಚಿಲ್ಲರೆ ಸೇರಿ ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ದೂರ ಕಡಿಮೆಯಾದಷ್ಟೂ ಈ ಕೂಡಿಸಿದ ಸಮಯದ ಪಾಲು ದೊಡ್ಡದಾಗುತ್ತದೆ. ಬೀದರ್–ಬೆಂಗಳೂರು ಅರವತ್ತು ಕಿಲೋಮೀಟರ್ ಹೆಚ್ಚಿದ್ದರೂ ಜೆಟ್‌ನಲ್ಲಿ ಬರುವ ವ್ಯತ್ಯಾಸ ನಾಲ್ಕೈದು ನಿಮಿಷ ಮಾತ್ರ.

ಟಿಕೆಟ್‌ನಲ್ಲಿ ಬರೆದಿರುವ ಅವಧಿ ಹಾರಾಟದ ಅವಧಿಯಲ್ಲ. ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ, ತಲುಪಿದ ನಿಲ್ದಾಣದಲ್ಲಿ ನಿಂತ ಕ್ಷಣದವರೆಗಿನ ಅವಧಿ ಅದು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಸಮಯಪಾಲನೆ ಕಾಪಾಡಿಕೊಳ್ಳಲು ಕಂಪನಿಗಳು ಇದರಲ್ಲಿ ಕೆಲವು ನಿಮಿಷಗಳನ್ನು ಮೊದಲೇ ಹೆಚ್ಚಿಟ್ಟಿರುತ್ತವೆ. ವಿಮಾನದೊಳಗೆ ‘ಹಾರಾಟದ ಅವಧಿ ಐವತ್ತು ನಿಮಿಷ’ ಎಂಬ ಪ್ರಕಟಣೆ ಕೇಳಿ ಟಿಕೆಟ್‌ನ ಅಂಕಿಯೊಂದಿಗೆ ಹೊಂದುತ್ತಿಲ್ಲವೆಂದು ಗೊಂದಲಪಡಬೇಕಾಗಿಲ್ಲ. ನಿಜವಾಗಿ ಎಷ್ಟು ಹೊತ್ತು ಆಗುತ್ತಿದೆ ಎಂದು ತಿಳಿಯಲು ವಿಮಾನದ ಸಂಖ್ಯೆ ಹಾಕಿ ಫ್ಲೈಟ್‌ರೇಡಾರ್24ರಂಥ ಸೇವೆಯಲ್ಲಿ ಹಿಂದಿನ ಕೆಲವು ದಿನಗಳ ದಾಖಲೆ ನೋಡುವುದು ಉತ್ತಮ.

ಏಳನೆಯ ಹಂತ: ಗಾಳಿಯ ಲೆಕ್ಕ

ಹೋಗುವ ಹೊತ್ತು, ಬರುವ ಹೊತ್ತು ಒಂದೇ ಆಗಿರುವುದಿಲ್ಲ. ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಪಶ್ಚಿಮ ಏಷ್ಯಾದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಆ ದಿನಗಳಲ್ಲಿ ದುಬೈಗೆ ಹೋಗುವ ವಿಮಾನ ಗಾಳಿಗೆ ಎದುರಾಗಿ ಸಾಗುತ್ತದೆ, ಬರುವ ವಿಮಾನಕ್ಕೆ ಗಾಳಿ ಬೆನ್ನಿಗಿರುತ್ತದೆ. ಗಾಳಿಯ ವೇಗ ಸರಾಸರಿ 80 ಕಿ.ಮೀ. ಎಂದಿಟ್ಟುಕೊಂಡರೆ, ವಿಮಾನದ 830ರಲ್ಲಿ ಅದನ್ನು ಕಳೆದು ಹೋಗುವಾಗ ನೆಲದ ಮೇಲಿನ ವೇಗ 750, ಕೂಡಿಸಿ ಬರುವಾಗ 910. 2,550 ಕಿ.ಮೀ.ಗೆ ಹೋಗಲು 3 ಗಂಟೆ 24 ನಿಮಿಷ, ಬರಲು 2 ಗಂಟೆ 48 ನಿಮಿಷ. ಎರಡಕ್ಕೂ ಅರ್ಧ ಗಂಟೆ ಕೂಡಿಸಿ. ಗಾಳಿಯೇ ಇಲ್ಲದಿದ್ದರೆ ಎರಡೂ ಕಡೆ 3 ಗಂಟೆ 4 ನಿಮಿಷ ಹಿಡಿಯುತ್ತಿತ್ತು. ಹೋಗಿ ಬರುವ ಒಟ್ಟು ಹೊತ್ತನ್ನು ನೋಡಿ: ಗಾಳಿಯಿದ್ದಾಗ 6 ಗಂಟೆ 12 ನಿಮಿಷ, ಇಲ್ಲದಾಗ 6 ಗಂಟೆ 8 ನಿಮಿಷ. ಎದುರುಗಾಳಿಯಲ್ಲಿ ಕಳೆದುಕೊಂಡದ್ದನ್ನು ಬೆನ್ನಗಾಳಿ ಪೂರ್ತಿ ಹಿಂದಿರುಗಿಸುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು.

ಮುಂಗಾರಿನಲ್ಲಿ ಚಿತ್ರ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ಬಹು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಪ್ರವಾಹ ಇರುತ್ತದೆ. ಹೈದರಾಬಾದಿನಿಂದ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಆಗ ಎದುರುಗಾಳಿಯ ಕಾಟ ಕಡಿಮೆ. ಉತ್ತರ–ದಕ್ಷಿಣದ ಬೆಂಗಳೂರು ದಾರಿಗೆ ಈ ಗಾಳಿಗಳು ಅಡ್ಡವಾಗಿ ಬರುವುದರಿಂದ ಅಲ್ಲಿ ವ್ಯತ್ಯಾಸ ಅಲ್ಪ. ಅಲ್ಲಿ ತಡವಾಗಲು ಹೆಚ್ಚಾಗಿ ಕಾರಣವಾಗುವುದು ಡಿಸೆಂಬರ್–ಜನವರಿಯ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಕವಿಯುವ ಮಂಜು. ವಾಯುಪ್ರದೇಶ ಮುಚ್ಚಿದಾಗಲೂ ಅವಧಿ ಏರುತ್ತದೆ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳು ಸುತ್ತು ದಾರಿ ಹಿಡಿದವು; ನೇರ ಅಂತರ ಒಂದಿಂಚೂ ಬದಲಾಗದೆ ಪ್ರಯಾಣ ಮಾತ್ರ ಉದ್ದವಾಯಿತು.

ಎಂಟನೆಯ ಹಂತ: ಟಿಕೆಟ್‌ನ ಗಡಿಯಾರವನ್ನು ಸರಿಯಾಗಿ ಓದಿ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಜಿದ್ದಾ ಎರಡೂವರೆ ಗಂಟೆ ಹಿಂದೆ. ಉದಾಹರಣೆಗೆ ಹೈದರಾಬಾದಿನಿಂದ ನಸುಕಿನ 4:00ಕ್ಕೆ ಹೊರಟು ದುಬೈಗೆ 6:20ಕ್ಕೆ ತಲುಪುವ ವಿಮಾನವನ್ನು ಊಹಿಸಿಕೊಳ್ಳಿ. ಪ್ರಯಾಣ ಎರಡು ಗಂಟೆ ಇಪ್ಪತ್ತು ನಿಮಿಷ ಎಂದು ತೋರುತ್ತದೆ. ದುಬೈಯ 6:20 ನಮ್ಮ 7:50. ಆದ್ದರಿಂದ ನಿಜವಾದ ಅವಧಿ 3 ಗಂಟೆ 50 ನಿಮಿಷ. ಮೊದಲು ಎರಡೂ ಸಮಯವನ್ನು ಭಾರತೀಯ ಕಾಲಮಾನಕ್ಕೆ ತಂದು, ಆಮೇಲೆ ಕಳೆಯುವ ಈ ಕ್ರಮ ಯಾವ ದೇಶಕ್ಕಾದರೂ ಸರಿ ಬರುತ್ತದೆ. ತಲುಪುವ ಸಮಯದ ಪಕ್ಕದಲ್ಲಿ ಕೂಡಿಸುವ ಗುರುತಿನೊಂದಿಗೆ 1 ಎಂದಿದ್ದರೆ ಮರುದಿನ ಎಂದರ್ಥ. ಅಮೆರಿಕದಲ್ಲಿ ಬೇಸಿಗೆ ಮತ್ತು ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಬದಲಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಜೊತೆಗಿದ್ದರೆ ಈ ಹಂತವನ್ನು ಅಲಕ್ಷಿಸಬೇಡಿ. ಎರಡು ಊಟಗಳ ನಡುವೆ ನಿಜವಾಗಿ ಎಷ್ಟು ಗಂಟೆ ಕಳೆಯುತ್ತದೆ ಎಂಬುದನ್ನು ಭಾರತೀಯ ಕಾಲಮಾನದಲ್ಲಿ ಬರೆದು, ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ ಸಲಹೆ ಪಡೆಯಿರಿ.

ಒಂಬತ್ತನೆಯ ಹಂತ: ಮನೆಯಿಂದ ಮನೆಗೆ ಕೂಡಿಸಿ

ಕಲಬುರಗಿಯ ಮನೆಯಿಂದ ಬೆಂಗಳೂರಿನ ಮೆಜೆಸ್ಟಿಕ್‌ಗೆ ವಿಮಾನದಲ್ಲಿ ಹೋಗುವುದಾದರೆ: ನಿಲ್ದಾಣ ಸೇರಲು ನಲವತ್ತು ನಿಮಿಷ, ಅಲ್ಲಿ ಒಂದೂವರೆ ಗಂಟೆ, ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ, ಇಳಿದು ಬ್ಯಾಗು ಪಡೆಯಲು ಅರ್ಧ ಗಂಟೆ, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ. ದಾರಿಗೆ ಒಂದೂಕಾಲು ಗಂಟೆ. ಒಟ್ಟು ಐದು ಗಂಟೆ ಐದು ನಿಮಿಷ. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲು ಒಂಬತ್ತು ಗಂಟೆಗೆ ಸ್ವಲ್ಪ ಕಡಿಮೆ ಸಮಯ ತೆಗೆದುಕೊಳ್ಳುತ್ತದೆ. ರೈಲು ನಿಲ್ದಾಣಕ್ಕೆ ಹೋಗಿಬರುವುದನ್ನೂ ಸೇರಿಸಿದರೆ ವಿಮಾನದಿಂದ ಉಳಿಯುವುದು ಐದು ಗಂಟೆಯ ಆಸುಪಾಸು. ಹಗಲು ಕೆಲಸವಿರುವವರಿಗೆ ಇದು ದೊಡ್ಡ ಉಳಿತಾಯ. ರಾತ್ರಿ ರೈಲಿನಲ್ಲಿ ಮಲಗಿ ಹೋಗಬಲ್ಲವರಿಗೆ ಅಷ್ಟೇನೂ ಅಲ್ಲ. ಯಲಹಂಕದ ಕಡೆ ಕೆಲಸವಿದ್ದರೆ ಎರಡೂ ಲೆಕ್ಕಗಳು ಮತ್ತೆ ಬದಲಾಗುತ್ತವೆ.

ಈ ಕೂಡಿಕೆಗೂ ಮೊದಲು, ನೀವು ಹೋಗಬೇಕಾದ ದಿನ ನೇರ ವಿಮಾನ ಇದೆಯೇ ಎಂದು ನೋಡಲೇಬೇಕು. ಸಣ್ಣ ಊರುಗಳಿಗೆ ವಿಮಾನ ಸೇವೆ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಬಂದ ನಮ್ಮ ನಿಲ್ದಾಣಗಳಲ್ಲಿ ಸೇವೆಗಳು ಆರಂಭವಾಗುವುದು, ನಿಲ್ಲುವುದು, ವಾರದ ದಿನಗಳು ಬದಲಾಗುವುದು ನಡೆದೇ ಇದೆ. ವಾರದಲ್ಲಿ ಕೆಲವೇ ದಿನ ವಿಮಾನವಿದ್ದರೆ, ಕಾಯುವ ದಿನಗಳೂ ಪ್ರಯಾಣದ ಅವಧಿಯ ಭಾಗವೇ. ಬೀದರ್‌ನವರು ಶಂಷಾಬಾದಿಗೆ ಮೂರು ಗಂಟೆ ರಸ್ತೆಯಲ್ಲಿ ಹೋಗಿ ಅಲ್ಲಿಂದ ದಿನವಿಡೀ ಸಿಗುವ ವಿಮಾನಗಳಲ್ಲಿ ಒಂದನ್ನು ಹಿಡಿಯುವುದು ಎಷ್ಟೋ ಸಲ ಬೇಗನೆಯ ದಾರಿ.

ಕೊನೆಯದಾಗಿ ಯಾದಗಿರಿಯಿಂದ ದುಬೈ. ವಿಮಾನ ಹೈದರಾಬಾದಿನಿಂದ ನಸುಕಿನ 4:00ಕ್ಕೆ ಎಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು, ಅಂದರೆ ರಾತ್ರಿ 1:00ಕ್ಕೆ ಶಂಷಾಬಾದಿನಲ್ಲಿರಬೇಕು. ರಸ್ತೆ ಸುಮಾರು 200 ಕಿ.ಮೀ., ನಾಲ್ಕು ಗಂಟೆ. ದಾರಿಯಲ್ಲಿ ಟೈರು ಪಂಕ್ಚರ್ ಆಗುವುದಕ್ಕೂ ಚಹಾಕ್ಕೂ ಒಂದು ಗಂಟೆ ಇಟ್ಟುಕೊಂಡರೆ ಹಿಂದಿನ ರಾತ್ರಿ 8:00ಕ್ಕೆ ಮನೆ ಬಿಡಬೇಕು. ಟಿಕೆಟ್‌ನಲ್ಲಿ ದಿನಾಂಕ 15 ಎಂದಿದ್ದರೆ ಹೊರಡಬೇಕಾದದ್ದು 14ರ ರಾತ್ರಿ. ಮಧ್ಯರಾತ್ರಿ ದಾಟಿದ ವಿಮಾನಗಳಲ್ಲಿ ಒಂದು ದಿನ ತಪ್ಪಿ ಟಿಕೆಟ್ ಕಳೆದುಕೊಳ್ಳುವುದು ಇಲ್ಲಿಯೇ. ಆದ್ದರಿಂದ ಕ್ಯಾಲೆಂಡರಿನಲ್ಲಿ ವಿಮಾನದ ದಿನಕ್ಕಿಂತ ಮನೆ ಬಿಡುವ ದಿನವನ್ನು ಗುರುತು ಹಾಕಿ. ದುಬೈಯಲ್ಲಿ ಇಳಿದು ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಹೊರಬರುವ ಹೊತ್ತಿಗೆ ಭಾರತೀಯ ಕಾಲಮಾನ ಬೆಳಿಗ್ಗೆ 9:00ರ ಹತ್ತಿರವಾಗಿರುತ್ತದೆ. ಹದಿಮೂರು ಗಂಟೆಯಲ್ಲಿ ವಿಮಾನದೊಳಗೆ ಕಳೆದದ್ದು ನಾಲ್ಕಕ್ಕೂ ಕಡಿಮೆ.

ನಡುವೆ ವಿಮಾನ ಬದಲಿಸಬೇಕಾದ ಪ್ರಯಾಣದಲ್ಲಿ ಎರಡೂ ವಿಮಾನಗಳು ಒಂದೇ ಪಿಎನ್‌ಆರ್‌ನಲ್ಲಿವೆಯೇ ಎಂದು ನೋಡಿ. ಬೇರೆ ಬೇರೆ ಟಿಕೆಟ್ ಆಗಿದ್ದರೆ ಬೆಂಗಳೂರಿನಲ್ಲಿ ಬ್ಯಾಗು ಪಡೆದು, ಬೇಕಿದ್ದರೆ ಒಂದನೆಯ ಟರ್ಮಿನಲ್‌ನಿಂದ ಅಂತರರಾಷ್ಟ್ರೀಯ ವಿಮಾನಗಳಿರುವ ಎರಡನೆಯದಕ್ಕೆ ಹೋಗಿ, ಮತ್ತೆ ಚೆಕ್-ಇನ್ ಮಾಡಿಸಬೇಕು. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿ ಕಾಯುವುದಿಲ್ಲ, ಹಣವನ್ನೂ ಹಿಂದಿರುಗಿಸಬೇಕಾಗಿಲ್ಲ. ಇಂಥ ಕಡೆ ನಡುವೆ ಕನಿಷ್ಠ ಐದು ಗಂಟೆ ಬಿಡುವಿರುವಂತೆ ಟಿಕೆಟ್ ಮಾಡಿಸಿ. ಮರಳಿ ಬರುವಾಗಲೂ ಇದೇ ಲೆಕ್ಕವನ್ನು ತಿರುಗಿಸಿ ಬರೆದು, ವಿಮಾನ ಇಳಿಯುವ ಹೊತ್ತಿಗೆ ಊರಿಗೆ ಬಸ್ಸೋ ರೈಲೋ ಇದೆಯೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.